ಪಿನ್‌ಕೋಡ್ ಬಿಡಿಸುವುದು ಹೇಗೆ: ಹುಬ್ಬಳ್ಳಿಯ 580020, ಗದಗಿನ 582101

ಗದಗಿನಲ್ಲಿರುವ ಅಕ್ಕನಿಗೆ ಏನಾದರೂ ಕಳಿಸಲು ಹುಬ್ಬಳ್ಳಿಯ ಅಂಚೆ ಕಚೇರಿಯ ಸಾಲಿನಲ್ಲಿ ನಿಂತಾಗಲೆಲ್ಲ ನಾನು ಮಾಡುವ ಲೆಕ್ಕ ಇದು. ಲಕೋಟೆ ಮೇಲೆ ಎರಡು ಪಿನ್‌ಕೋಡ್ ಇರುತ್ತವೆ, ನಮ್ಮದು 580020, ಅಕ್ಕನದು 582101. ಇವನ್ನು ಅವಿಭಾಜ್ಯಗಳ (1 ಮತ್ತು ತನ್ನಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಭಾಗ ಹೋಗದ ಸಂಖ್ಯೆಗಳ) ಗುಣಾಕಾರವಾಗಿ ಬಿಡಿಸುವುದೇ ಆ ಲೆಕ್ಕ. ಆರಂಕಿ ಅಂತ ಹೆದರಬೇಡಿ. ಮಗ್ಗಿ ಬಂದರೆ ಸಾಕು.

ಮೊದಲು ಹುಬ್ಬಳ್ಳಿ. ಕೊನೆಯಲ್ಲಿ 20 ಇದೆ, ಅಂದರೆ 4ಕ್ಕೂ 5ಕ್ಕೂ ಭಾಗ ಹೋಗುತ್ತದೆ. ಅಂಕಿ ಕೂಡಿಸಿದರೆ 15, ಹಾಗಾಗಿ 3ಕ್ಕೂ ಹೋಗುತ್ತದೆ, 9ಕ್ಕೆ ಇಲ್ಲ. 7ಕ್ಕೆ ಬಂದಾಗ ಎಲ್ಲರೂ ಉದ್ದ ಭಾಗಾಕಾರಕ್ಕೆ ಕೂರುತ್ತಾರೆ, ಬೇಡ. ಸಂಖ್ಯೆಯನ್ನು ನಡುವೆ ಕತ್ತರಿಸಿ: 580, 020. ಕಳೆಯಿರಿ, 560. ಇದು 7×80, ಅಲ್ವಾ? ಹಾಗಾದರೆ ಇಡೀ ಸಂಖ್ಯೆಯೂ 7ರ ಮಗ್ಗಿಯದೇ. ಯಾಕೆ ಅಂದರೆ 7×11×13 = 1001, ಮತ್ತು 580020 ಅಂದರೆ 580×1001ರಲ್ಲಿ 560 ಕಡಿಮೆ. ಒಂದೇ ಕಳೆಯುವಿಕೆಯಲ್ಲಿ 7, 11, 13 ಮೂರರ ಪರೀಕ್ಷೆಯೂ ಮುಗಿಯಿತು! 560ನ್ನು 11ರಿಂದ ಭಾಗಿಸಿದರೆ 10 ಉಳಿಯುತ್ತದೆ, 13ರಿಂದ 1. ಅವೆರಡೂ ಇಲ್ಲ.

ಈಗ 4×3×5×7 = 420. ಇದರಿಂದ ಭಾಗಿಸಿದರೆ 1381. ಇದರ ವರ್ಗಮೂಲ 37ಕ್ಕಿಂತ ಸ್ವಲ್ಪ ಜಾಸ್ತಿ, ಆದ್ದರಿಂದ 37ರವರೆಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. ಯಾವುದೂ ಹೋಗುವುದಿಲ್ಲ. ಅಂದರೆ 580020 = 2²×3×5×7×1381.

ಭಾಜಕಗಳು ಎಷ್ಟು? 2ನ್ನು ಬಿಡಬಹುದು, ಒಂದು ಸಲ ಅಥವಾ ಎರಡು ಸಲ ತಗೊಳ್ಳಬಹುದು, ಅಲ್ಲಿಗೆ ಮೂರು ದಾರಿ. ಉಳಿದ ನಾಲ್ಕಕ್ಕೂ ಎರಡೆರಡು. 3×2×2×2×2 = 48.

ಗದಗಿನದು ಬೇರೆಯೇ ಸ್ವಭಾವ. ಕೊನೆಯಲ್ಲಿ 1, ಅಂಕಿಗಳ ಮೊತ್ತ 17, ಹಾಗಾಗಿ 2, 3, 5 ಹೊರಗೆ. 582−101 = 481. 7ಕ್ಕೆ ಇಲ್ಲ, 11ಕ್ಕೆ ಇಲ್ಲ, ಆದರೆ 13×37 = 481! ಇದು ಮೊದಲ ಸಲ ಕಂಡಾಗ ಸಾಲಿನಲ್ಲೇ ಖುಷಿಯಾಗಿ ಹಿಂದಿದ್ದವರಿಗೂ ತೋರಿಸಿದ್ದೆ. 582101ನ್ನು 13ರಿಂದ ಭಾಗಿಸಿದರೆ 44777.

ಇಲ್ಲಿ ತಾಳ್ಮೆ ಬೇಕು. 211ರ ವರ್ಗ 44521, 212ರದು 44944, ಆದ್ದರಿಂದ 211ರವರೆಗೆ ಹೋಗಲೇಬೇಕು. 13ನ್ನು ಇನ್ನೊಮ್ಮೆ ನೋಡುವುದನ್ನು ಮರೆಯಬೇಡಿ, ಒಂದು ಸಲ ಹೋದದ್ದು ಎರಡನೇ ಸಲವೂ ಹೋಗಬಹುದು. ಒಟ್ಟು 42 ಭಾಗಾಕಾರ. 29ಕ್ಕೆ ಶೇಷ 1, ಕೊನೆಕೊನೆಗೆ 193ಕ್ಕೂ ಶೇಷ 1, ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ಜಾರುತ್ತದೆ. 44777 ಅವಿಭಾಜ್ಯ. ಹುಬ್ಬಳ್ಳಿಗೆ 48 ಭಾಜಕ, ಗದಗಿಗೆ ನಾಲ್ಕೇ: 1, 13, 44777, 582101.

ಹಾವೇರಿಯ 581110 ನಿಮಗೆ ಬಿಟ್ಟಿದ್ದೇನೆ. 10ರಿಂದ ಭಾಗಿಸಿದರೆ 58111, ಅದಕ್ಕೆ 241ರವರೆಗೆ ಹೋಗಬೇಕು. 149ರಲ್ಲಿ ಶೇಷ 1 ಬರುತ್ತದೆ, ಅಲ್ಲಿ ಗುಣಾಕಾರ ಎರಡು ಸಲ ನೋಡಿಕೊಳ್ಳಿ.