ಕೆರೆ ಪಾರ್ಕಿನ ಕಳೆ ಕೀಳುವ ಮುಂಚೆ ನೀರು ಬರುವ ದಾರಿ ನೋಡಿ

ಬೆಂಗಳೂರಿನ ಕೆರೆ ಪಾರ್ಕಿಗೆ ಭಾನುವಾರ ಬೆಳಗ್ಗೆ ನಾಲ್ಕು ಜನ ಸೇರಿಕೊಂಡು ಕಳೆ ಕೀಳೋಣ ಅಂತ ಹೊರಟಿದ್ದೀರಾ? ಕೈ ಹಾಕುವ ಮೊದಲು ನೀರು ಒಳಗೆ ಬರುವ ಜಾಗದಲ್ಲಿ ಐದು ನಿಮಿಷ ನಿಂತು ನೋಡಿ. ಕಪ್ಪು ನೀರು, ನೊರೆ, ವಾಸನೆ ಇದ್ದರೆ ಎಷ್ಟು ಲೋಡ್ ಜಲಕುಂಬಿ (ನೀರ ಮೇಲೆ ತೇಲುವ ಕಳೆ, ವಾಟರ್ ಹಯಸಿಂತ್) ತೆಗೆದರೂ ಮತ್ತೆ ಬರುತ್ತದೆ. ಕೊಳಚೆಯ ಸಾರಜನಕ, ರಂಜಕವೇ ಅದಕ್ಕೆ ಗೊಬ್ಬರ. ಬಿಸಿಲೂ ಚೆನ್ನಾಗಿದ್ದರೆ ಎರಡು ವಾರದಲ್ಲಿ ದುಪ್ಪಟ್ಟಾಗುವ ಗಿಡ ಅದು, ಬೀಜವಂತೂ ಕೆಸರಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. 1980ರ ದಶಕದಲ್ಲಿ ಇದನ್ನು ತಿನ್ನಲೆಂದೇ ದಕ್ಷಿಣ ಅಮೆರಿಕ ಮೂಲದ ಮೂತಿಹುಳುಗಳನ್ನು ಬೆಂಗಳೂರಿಗೆ ತಂದು ಕೆರೆಗಳಿಗೆ ಬಿಟ್ಟಿದ್ದರು. ಎಲೆ ಮೇಲೆ ಉಗುರಿನಿಂದ ಕೆರೆದ ಹಾಗೆ ಸಣ್ಣ ಚೌಕ ಗುರುತುಗಳು ಕಂಡರೆ ಅವುಗಳದ್ದೇ ಕೆಲಸ ಇರಬಹುದು. ಆದರೆ ಇಷ್ಟು ಗೊಬ್ಬರ ಸಿಗುವ ಗಿಡದ ಮುಂದೆ ಹುಳು ಏನು ಮಾಡೀತು? ಹಾಗಾಗಿ ಮೊದಲು ಜಲಮಂಡಳಿಗೆ ದೂರು ಕೊಡಿ. ಜೊತೆಗೆ ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರಿಂದ ಕೆಲಸಕ್ಕೆ ಲಿಖಿತ ಅನುಮತಿ ತಗೊಳ್ಳಿ.

ಕೆಲಸಕ್ಕೆ ಒಳ್ಳೆ ಕಾಲ ಜನವರಿಯಿಂದ ಮೇ. ನೀರು ಕಡಿಮೆ ಇರುತ್ತದೆ. ಮಳೆಗಾಲದಲ್ಲಿ ಗುಳುಮುಳಕ, ನಾಮದ ಕೋಳಿಯಂಥ ನೀರುಹಕ್ಕಿಗಳು ಇದೇ ಕಳೆಯ ಮೇಲೆ, ಜೊಂಡಿನ ನಡುವೆ ಗೂಡು ಕಟ್ಟುತ್ತವೆ, ಆಗ ಸುಮ್ನೆ ಬಿಟ್ಟುಬಿಡಿ. ಬೇಸಿಗೆಯಲ್ಲೂ ಒಮ್ಮೆ ಗೂಡು ಹುಡುಕಿಯೇ ಶುರು ಮಾಡಿ. ಗಮ್‌ಬೂಟು, ಉದ್ದ ಗ್ಲೌಸು ಇಲ್ಲದೆ ಯಾರೂ ಇಳಿಯಬಾರದು. ಆಳದ ಕಡೆ ದೋಣಿ ಇರುವವರು ಮಾತ್ರ ಹೋಗಲಿ. ತೇಲುವ ಕಳೆಯನ್ನು ಹಗ್ಗದಲ್ಲಿ ಸುತ್ತುಗಟ್ಟಿ ದಡಕ್ಕೆ ಎಳೆಯುವುದು ಸುಲಭ. ಅದರಲ್ಲಿ 90%ಕ್ಕಿಂತ ಜಾಸ್ತಿ ನೀರೇ, ಕೆಲವು ದಿನ ಒಣಗಲು ಬಿಟ್ಟರೆ ಸಾಗಿಸುವ ಖರ್ಚು ಎಷ್ಟೋ ಇಳಿಯುತ್ತದೆ. ಆದರೆ ರಾಶಿ ನೀರಿನ ಅಂಚಿನಲ್ಲಿ ಬೇಡ, ಒಂದು ಮಳೆ ಬಂದರೆ ಎಲ್ಲಾ ವಾಪಸ್ ಕೆರೆಗೇ.

ನನ್ನನ್ನು ಕೇಳಿದರೆ ಜಲಕುಂಬಿಗಿಂತ ಕಾಟ ಕೊಡುವುದು ಅಲಿಗೇಟರ್ ವೀಡ್ ಅನ್ನುವ, ನೀರಲ್ಲೂ ದಡದಲ್ಲೂ ಹಬ್ಬುವ ಕಳೆ. ಇದನ್ನು ಹೊನಗೊನ್ನೆ ಸೊಪ್ಪು ಅಂದುಕೊಂಡು ಕಿತ್ತು ಮನೆಗೆ ಒಯ್ಯುವವರೂ ಇದ್ದಾರೆ! ಹೂ ನೋಡಿ. ಹೊನಗೊನ್ನೆಯ ಬಿಳಿ ಹೂ ಎಲೆಯ ಕಂಕುಳಲ್ಲೇ ಅಂಟಿಕೊಂಡಿರುತ್ತದೆ, ಇದರದ್ದು ಉದ್ದ ತೊಟ್ಟಿನ ತುದಿಯಲ್ಲಿ ಉಂಡೆಯಾಗಿ ನಿಲ್ಲುತ್ತದೆ. ನೀರಿನಲ್ಲಿ ಬೆಳೆದ ದಂಟು ಮುರಿದರೆ ಒಳಗೆ ಟೊಳ್ಳು. ಕೊಳಚೆ ನೀರಿನ ಸೊಪ್ಪು ಯಾವುದೇ ಆಗಲಿ, ಮನುಷ್ಯರಿಗೂ ಬೇಡ, ದನಕ್ಕೂ ಬೇಡ. ಒಂದು ಗೆಣ್ಣು ಉಳಿದರೂ ಮತ್ತೆ ಚಿಗುರುವ ಗಿಡ ಇದು, ಆದ್ದರಿಂದ ಮೆಷಿನ್‌ನಲ್ಲಿ ಕತ್ತರಿಸಿ ಚೂರು ಮಾಡಬೇಡಿ. ಬೇರು ಸಮೇತ ಕಿತ್ತು, ತೇಲಿಹೋದ ತುಂಡುಗಳನ್ನು ಬಲೆಯಲ್ಲಿ ಹಿಡಿಯಿರಿ.

ದಡದ ಮೇಲಿನ ಲಂಟಾನವನ್ನು ಮೇಲಿಂದ ಕತ್ತರಿಸಿದರೆ ಇನ್ನೂ ದಟ್ಟವಾಗಿ ಚಿಗುರುತ್ತದೆ. ಬುಡದ ಮಣ್ಣು ಸ್ವಲ್ಪ ಕೆದಕಿ, ನೆಲಮಟ್ಟಕ್ಕಿಂತ ಕೆಳಗೆ ತಾಯಿಬೇರು ಕತ್ತರಿಸಿ, ಗಿಡವನ್ನು ತಲೆಕೆಳಗೆ ಮಾಡಿ ಒಣಗಿಸಿ. ಕಾಯಿ ಹಣ್ಣಾಗುವ ಮೊದಲೇ ಮುಗಿಸಿದರೆ ಹಕ್ಕಿಗಳು ಬೀಜ ಹರಡುವುದು ತಪ್ಪುತ್ತದೆ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ ಗ್ಲೌಸ್ ಹಾಕಿಕೊಂಡು ಕಿತ್ತರೆ ಆಯಿತು.

ಜೊಂಡು ನಮ್ಮದೇ ಗಿಡ, ಅದನ್ನು ಪೂರ್ತಿ ತೆಗೆಸಿ 'ಕ್ಲೀನ್' ಮಾಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೀರಿನಲ್ಲಿರುವ ಸಾರಜನಕ, ರಂಜಕವನ್ನು ಇಂಥ ಗಿಡಗಳು ಹೀರಿಕೊಳ್ಳುತ್ತವೆ, ಅದಕ್ಕೇ ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ಅವುಗಳಿರುವ ಜೌಗಿನ ಮೂಲಕವೇ ಕೆರೆ ಸೇರುವಂತೆ ಮಾಡಿದ್ದಾರೆ. ಆದರೆ ಗಿಡ ಅಲ್ಲೇ ಕೊಳೆತರೆ ಹೀರಿದ್ದೆಲ್ಲಾ ಮತ್ತೆ ನೀರಿಗೇ ಬರುತ್ತದೆ ಅಲ್ವಾ? ಅದಕ್ಕೇ ಒಂದೊಂದು ಭಾಗವಾಗಿ ಸರದಿ ಪ್ರಕಾರ ಕೊಯ್ದು ಹೊರಗೆ ಸಾಗಿಸಬೇಕು.

ಖಾಲಿಯಾದ ಅಂಚನ್ನು ಹಾಗೇ ಬಿಟ್ಟರೆ ಕಳೆಯೇ ಮತ್ತೆ ತುಂಬಿಕೊಳ್ಳುತ್ತದೆ. ಮೊದಲ ಮಳೆ ಬಿದ್ದ ಕೂಡಲೇ ಬಜೆ ನೆಡಿ, ಸ್ವಲ್ಪ ಮೇಲೆ ಲಕ್ಕಿ, ಹೊಂಗೆ, ನೇರಳೆ, ಹೊಳೆಮತ್ತಿ. ಏರಿಯ ಮೇಲೆ ಮಾತ್ರ ದೊಡ್ಡ ಮರ ಬೇಡ, ಬೇರು ಏರಿಯನ್ನೇ ಸಡಿಲ ಮಾಡುತ್ತದೆ. ಮೊದಲ ವರ್ಷ ಎರಡು ವಾರಕ್ಕೊಮ್ಮೆ ಒಬ್ಬರು ಬಕೆಟ್ ಹಿಡಿದು ಅಂಚಿನುದ್ದಕ್ಕೂ ನಡೆದು ಹೊಸ ಚಿಗುರು ಕೀಳಲಿ, ಯಾರ ಸರದಿ ಯಾವಾಗ ಅಂತ ಈಗಲೇ ಬರೆದು ಹಂಚಿಕೊಳ್ಳಿ.