ಲಾಗಿನ್ ಆಯ್ತು, ಲಾಗೌಟ್ ಮಾಡಿಸೋದು ಯಾರು?

ಆಫೀಸಿನ ಪ್ರಾಜೆಕ್ಟ್ ಸಾಫ್ಟ್‌ವೇರನ್ನು ಕಂಪನಿಯ ಲಾಗಿನ್‌ಗೆ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಎರಡು ದಿನದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ. ಸಿಂಗಲ್ ಸೈನ್ ಆನ್, ಅಂದರೆ ಕಂಪನಿಯ ಒಂದೇ ಲಾಗಿನ್‌ನಿಂದ ಬೇರೆ ಸಾಫ್ಟ್‌ವೇರ್‌ಗಳೊಳಗೂ ಹೋಗುವುದು, ಅಷ್ಟರ ಮಟ್ಟಿಗೆ ಅದು ನಿಜವೇ. ಅದಕ್ಕೆ ಬಳಸುವ ಸ್ಟ್ಯಾಂಡರ್ಡ್ ಸ್ಯಾಮಲ್ (SAML) 2.0 ಬಂದಿದ್ದು 2005ರಲ್ಲಿ. ಇಷ್ಟು ಹಳೆಯದಾದ ಮೇಲೆ ಎಲ್ಲರಿಗೂ ಅದು ರೂಢಿಯಾಗಿಬಿಟ್ಟಿದೆ. ನಮ್ಮ ಎಂಟ್ರಾ ಐಡಿಯ (ಎಲ್ಲರ ಅಕೌಂಟ್ ಇರುವ ಮೈಕ್ರೋಸಾಫ್ಟ್‌ನ ಡೈರೆಕ್ಟರಿ) ಮೆಟಾಡೇಟಾ, ಅಂದರೆ ಜೋಡಣೆಗೆ ಬೇಕಾದ ವಿವರ, ಸಾಫ್ಟ್‌ವೇರಿನವರಿಗೆ ಕೊಟ್ಟೆ, ಅವರದನ್ನು ಇಲ್ಲಿ ಹಾಕಿದೆ. ಮಧ್ಯಾಹ್ನದೊಳಗೆ ಟೆಸ್ಟ್ ಅಕೌಂಟ್ ಒಳಗೆ ಹೋಯಿತು. ಎಲ್ಲರೂ ಖುಷಿ.

ಮೊದಲ ಎಡವಟ್ಟು ಇಮೇಲ್‌ನಿಂದ ಬಂತು. ಸಹೋದ್ಯೋಗಿಯೊಬ್ಬರು ಮದುವೆಯಾದ ಮೇಲೆ ಹೆಸರು ಬದಲಿಸಿಕೊಂಡರು, ಜೊತೆಗೆ ಇಮೇಲ್ ಕೂಡ ಬದಲಾಯಿತು. ಮಾರನೇ ದಿನ ಲಾಗಿನ್ ಆದರೆ ಪೂರ್ತಿ ಖಾಲಿ ಅಕೌಂಟ್! ಹಳೆಯ ಕೆಲಸವೆಲ್ಲ ಇನ್ನೊಂದು ಅಕೌಂಟಿನಲ್ಲಿ ಕೂತಿತ್ತು. ಯಾರು ಅನ್ನೋದನ್ನು ಇಮೇಲ್ ನೋಡಿ ಗುರುತಿಸುವಂತೆ ನಾನೇ ಇಟ್ಟಿದ್ದೆ. ಡೈರೆಕ್ಟರಿ ಪ್ರತಿ ಅಕೌಂಟಿಗೂ ಕೊಡುವ, ಯಾವತ್ತೂ ಬದಲಾಗದ ಆಬ್ಜೆಕ್ಟ್ ಐಡಿ ಇಡಬೇಕಿತ್ತು. ಇದಕ್ಕಿಂತ ಕೆಟ್ಟದ್ದೂ ಆಗಬಹುದಿತ್ತು ಅಲ್ವಾ? ಬಿಟ್ಟುಹೋದವರ ಇಮೇಲನ್ನು ಹೊಸಬರಿಗೆ ಕೊಟ್ಟಿದ್ದರೆ, ಅವರ ಕಡತಗಳೆಲ್ಲ ಹೊಸಬರ ಕೈಗೆ ಹೋಗುತ್ತಿದ್ದವು.

ನಿಜವಾದ ಪಾಠ ಕಲಿತದ್ದು ಒಬ್ಬರು ಕೆಲಸ ಬಿಟ್ಟಾಗ. ಶುಕ್ರವಾರ ಸಂಜೆ ಅವರ ಡೈರೆಕ್ಟರಿ ಅಕೌಂಟ್ ಬಂದ್ ಮಾಡಿದೆವು. ಸೋಮವಾರ ಲಾಗ್ ತೆಗೆದು ನೋಡಿದರೆ ಅವರ ಫೋನಿನ ಆಪ್ ಇನ್ನೂ ಆರಾಮಾಗಿ ಡೇಟಾ ಎಳೆದುಕೊಳ್ಳುತ್ತಿತ್ತು. ಯಾಕೆ ಅಂದರೆ, ಸೈನ್ ಆನ್ ಬಾಗಿಲ ಕಾವಲುಗಾರ ಇದ್ದ ಹಾಗೆ. ಒಳಗೆ ಬರುವಾಗ ಮಾತ್ರ ಕೇಳುತ್ತಾನೆ. ಒಳಗೆ ಕೂತವರನ್ನು ಎಬ್ಬಿಸುವುದು ಅವನ ಕೆಲಸವಲ್ಲ. ಸಾಫ್ಟ್‌ವೇರಿನ ಸೆಷನ್, ಅಂದರೆ ಒಮ್ಮೆ ಲಾಗಿನ್ ಆದರೆ ಒಳಗಿರಬಹುದಾದ ಅವಧಿ, 30 ದಿನ ಇರುವಂತೆ ಮೊದಲಿನಿಂದ ಸೆಟ್ ಆಗಿತ್ತು, ನಾನು ನೋಡಿರಲಿಲ್ಲ.

ಸೆಷನ್ 8 ಗಂಟೆಗೆ ಇಳಿಸಿದೆ. ಆಮೇಲೆ ಡೈರೆಕ್ಟರಿಯ ಬದಲಾವಣೆಗಳನ್ನು ಸಾಫ್ಟ್‌ವೇರಿಗೆ ದಾಟಿಸುವ ಸ್ಕಿಮ್ (SCIM) ಹಾಕಿದೆ. ಡೈರೆಕ್ಟರಿಯಲ್ಲಿ ಒಬ್ಬರನ್ನು ಬಂದ್ ಮಾಡಿದರೆ ಅದು ಸಾಫ್ಟ್‌ವೇರಿಗೆ ‘ಇವರು ಈಗ ಆಕ್ಟಿವ್ ಅಲ್ಲ’ ಅಂತ ತಾನೇ ತಿಳಿಸುತ್ತದೆ. ಎಂಟ್ರಾ ಈ ಸುತ್ತನ್ನು ಸುಮಾರು 40 ನಿಮಿಷಕ್ಕೊಮ್ಮೆ ಓಡಿಸುತ್ತದೆ, ಹಾಗಾಗಿ ಬಂದ್ ಮಾಡಿದ ಕ್ಷಣಕ್ಕೇ ಎಲ್ಲ ಮುಗಿಯಿತು ಅಂತ ನಂಬಬೇಡಿ. ಅವಸರವಿದ್ದರೆ ಆ ಒಬ್ಬರಿಗಷ್ಟೇ ಕೈಯಾರೆ ಓಡಿಸಬಹುದು.

ಈ ಸಲ ಸುಮ್ನೆ ನಂಬಲಿಲ್ಲ. ಟೆಸ್ಟ್ ಅಕೌಂಟನ್ನು ಬ್ರೌಸರ್‌ನಲ್ಲಿ ತೆರೆದೆ, ಫೋನಿನಲ್ಲಿ ತೆರೆದೆ. ಅದೇ ಅಕೌಂಟಿನ ಎಪಿಐ ಟೋಕನ್ (ಪ್ರೋಗ್ರಾಮ್‌ಗಳು ಲಾಗಿನ್ ಇಲ್ಲದೆ ಡೇಟಾ ಕೇಳಲು ಬಳಸುವ ಕೀಲಿ) ಹಾಕಿ, ನಿಮಿಷಕ್ಕೊಮ್ಮೆ ಡೇಟಾ ಕೇಳುವ ಚಿಕ್ಕ ಸ್ಕ್ರಿಪ್ಟ್ ಓಡಿಸಿದೆ. ಆಮೇಲೆ ಅಕೌಂಟ್ ಬಂದ್ ಮಾಡಿ ಕಾಯುತ್ತ ಕೂತೆ. ಬ್ರೌಸರ್ ಹೊರಬಿತ್ತು. ಫೋನೂ ಹೊರಬಿತ್ತು. ಸ್ಕ್ರಿಪ್ಟ್ ಮಾತ್ರ 200, 200, 200 ಅಂತ, ಅಂದರೆ ಡೇಟಾ ಸಿಕ್ಕಿತು ಅಂತ, ಬರೆಯುತ್ತಲೇ ಇತ್ತು. ಗಂಟೆ ಕಳೆದರೂ ‘ಪ್ರವೇಶವಿಲ್ಲ’ ಅನ್ನುವ 401 ಬರಲೇ ಇಲ್ಲ. ಸಾಫ್ಟ್‌ವೇರಿನವರಿಗೆ ಫೋನ್ ಮಾಡಿದೆ. ‘ಟೋಕನ್ ಬೇರೆ ಸರ್, ಅದನ್ನು ಅಡ್ಮಿನ್ ತೆಗೆಯಬೇಕು’ ಅಂದರು. ಡೆಮೊದಲ್ಲಿ ಈ ಮಾತು ಬಂದಿರಲಿಲ್ಲ!

ಈಗ ಯಾರೂ ಸ್ವಂತ ಹೆಸರಿನಲ್ಲಿ ಟೋಕನ್ ಮಾಡಿಕೊಳ್ಳುವಂತಿಲ್ಲ. ಬೇರೆ ಸಿಸ್ಟಮ್‌ಗೆ ಬೇಕಾದರೆ ಸರ್ವಿಸ್ ಅಕೌಂಟ್ (ವ್ಯಕ್ತಿಯದಲ್ಲ, ಸಿಸ್ಟಮ್‌ನದೇ ಅಕೌಂಟ್), ಅದಕ್ಕೆ ಜವಾಬ್ದಾರಿ ಹೊತ್ತವರ ಹೆಸರು, ಟೋಕನ್‌ಗೆ 90 ದಿನದ ಗಡುವು. ಡೆವಲಪರ್‌ಗಳು ಗೊಣಗಿದರು. ಗೊಣಗಲಿ.

ಇನ್ನೆರಡು ವಿಷಯ. ಲಾಗಿನ್ ಸಂದೇಶಕ್ಕೆ ಸಹಿ ಹಾಕಲು ಎಂಟ್ರಾ ಕೊಡುವ ಸ್ಯಾಮಲ್ ಸರ್ಟಿಫಿಕೇಟ್‌ಗೆ ನಾವು ಬದಲಿಸದಿದ್ದರೆ 3 ವರ್ಷದ ಆಯುಸ್ಸು. ಅದರ ಎಚ್ಚರಿಕೆಯ ಇಮೇಲ್ ಒಬ್ಬರಿಗೆ ಮಾತ್ರ ಹೋಗದೆ ತಂಡದ ವಿಳಾಸಕ್ಕೆ ಹೋಗುವಂತೆ ಇಡಿ. ಸೈನ್ ಆನ್ ಕೈಕೊಟ್ಟ ದಿನಕ್ಕೆ ಅಂತ ಒಂದು ಲೋಕಲ್ ಅಡ್ಮಿನ್ ಅಕೌಂಟ್ ಇರಲಿ. ಪಾಸ್‌ವರ್ಡ್ ಲಾಕರ್‌ನಲ್ಲಿರಲಿ, ಯಾರಾದರೂ ಅದರಲ್ಲಿ ಲಾಗಿನ್ ಆದರೆ ತಕ್ಷಣ ಅಲರ್ಟ್ ಬರಲಿ.

ಸ್ಕ್ರಿಪ್ಟ್ ಪರೀಕ್ಷೆಯನ್ನು ಮೂರು ತಿಂಗಳಿಗೊಮ್ಮೆ ಮಾಡುತ್ತೇನೆ, ಜೊತೆಗೆ ಟೋಕನ್ ಪಟ್ಟಿಯನ್ನೂ ನೋಡುತ್ತೇನೆ. ಕಳೆದ ಸಲ ಗಡುವೇ ಇಲ್ಲದ ಹಳೇ ಟೋಕನ್ ಒಂದು ಸಿಕ್ಕಿತು. ಯಾರದಪ್ಪಾ ಅಂತ ನೋಡಿದರೆ, ಮೊದಲ ದಿನ ಟೆಸ್ಟ್ ಮಾಡಲು ನಾನೇ ಮಾಡಿಕೊಂಡಿದ್ದು.