ಬೋಳು ಎದೆಯ ಗ್ರೇ ಹೆಣ್ಣು ಮರಿ ಮಾಡಿದ್ದು: ನನ್ನ ಅನುಭವ

ತನ್ನ ಗರಿ ತಾನೇ ಕಿತ್ತುಕೊಳ್ಳುವ ಆಫ್ರಿಕನ್ ಗ್ರೇ (ಆಫ್ರಿಕಾದ ಬೂದು ಗಿಣಿ) ಹೆಣ್ಣು ಬ್ರೀಡಿಂಗ್‌ಗೆ ಬರುವುದಿಲ್ಲ ಎಂದು ನಮ್ಮ ಕಡೆ ಹಕ್ಕಿ ಸಾಕುವವರೆಲ್ಲ ಹೇಳುತ್ತಾರೆ. ಬರುತ್ತದೆ. ನನ್ನ ಚಿನ್ನಿ ಬಂದಿದ್ದಾಳೆ. ಕತ್ತಿನ ಕೆಳಗಿನಿಂದ ತೊಡೆಯವರೆಗೆ ಬೋಳಾಗಿದ್ದ ಹಕ್ಕಿ ಈ ವರ್ಷ ಮೂರು ಮರಿ ಮಾಡಿದ್ದಾಳೆ. ಮೂರಕ್ಕೂ ಕ್ಲೋಸ್ಡ್ ರಿಂಗ್ (ಮರಿಯಿದ್ದಾಗಲೇ ಕಾಲಿಗೆ ಹಾಕುವ ಗುರುತಿನ ಬಳೆ) ಬಿದ್ದಿದೆ, ಮೂರೂ ಈಗ ತಾವಾಗಿಯೇ ತಿನ್ನುತ್ತವೆ. ಇದಕ್ಕೆ ಹತ್ತಿರ ಹತ್ತಿರ ಮೂರು ವರ್ಷ ಹಿಡಿಯಿತು. ಅದರಲ್ಲಿ ಎರಡು ವರ್ಷ "ಬಿಟ್ಹಾಕು ಗುರು, ಅದು ಮುಗಿದ ಹಕ್ಕಿ" ಎಂಬ ಮಾತನ್ನೇ ಕೇಳಿದ್ದೇನೆ.

ತುಮಕೂರಿನ ನಮ್ಮ ಮನೆ ಮಹಡಿ ಮೇಲೆ ಶೆಡ್ ಇದೆ. ಕಾಕಟಿಯಲ್, ಕನ್ಯೂರ್ ಎಂಬ ಸಣ್ಣ ಗಿಣಿಗಳ ಮರಿ ಮಾಡಿಸಿ ಕೈ ಪಳಗಿತ್ತು. ಗ್ರೇ ಗಂಡು ರಾಜ ಮೊದಲೇ ಇದ್ದ. ಕಾಗದ ಸರಿಯಿರುವ ಒಳ್ಳೆಯ ಹೆಣ್ಣಿಗೆ ಆಗ ಅರವತ್ತು, ಎಪ್ಪತ್ತು ಸಾವಿರ ಕೇಳುತ್ತಿದ್ದರು. ಚಿನ್ನಿ ಹದಿನೆಂಟು ಸಾವಿರಕ್ಕೆ ಸಿಕ್ಕಳು. ಮಾರಿದವರು ಎರಡು ವರ್ಷದ ಹಕ್ಕಿ ಎಂದರು, ಆದರೆ ಕಣ್ಣು ಬೇರೆಯೇ ಹೇಳುತ್ತಿತ್ತು. ಮರಿ ಗ್ರೇಗೆ ಕಣ್ಣು ಕಪ್ಪು, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿ, ಬೆಳೆದ ಮೇಲೆ ತಿಳಿ ಹಳದಿಗೆ ನಿಲ್ಲುತ್ತದೆ. ಚಿನ್ನಿಯದು ಪೂರ್ತಿ ಹಳದಿ. ನಾಲ್ಕೈದು ವರ್ಷಕ್ಕೆ ಕಡಿಮೆ ಇಲ್ಲ ಎಂದು ನಾನು ಲೆಕ್ಕ ಹಾಕಿದೆ, ಅದು ನನಗೆ ಅನುಕೂಲವೇ ಆಯಿತು, ಏಕೆಂದರೆ ಗ್ರೇಗಳು ಆ ವಯಸ್ಸಿಗೇ ಮೊಟ್ಟೆಗೆ ಬರುವುದು. ತೂಕ 370 ಗ್ರಾಂ ಆಸುಪಾಸು. ರಾಜ 480 ಇದ್ದ.

ತಲೆಯ ಗರಿ ಒಂದೂ ಹೋಗಿರಲಿಲ್ಲ. ಅದನ್ನು ನೋಡಿಯೇ ದುಡ್ಡು ಕೊಟ್ಟೆ. ತನ್ನ ತಲೆಯನ್ನು ಹಕ್ಕಿ ತಾನೇ ಕೊಕ್ಕಿನಿಂದ ಮುಟ್ಟಲಾರದು, ಹಾಗಾಗಿ ತಲೆ ಸರಿಯಿದ್ದು ಮೈ ಬೋಳಾಗಿದ್ದರೆ ಅದು ಬಹುಮಟ್ಟಿಗೆ ಅವಳೇ ಕಿತ್ತದ್ದು. ತಲೆಯೂ ಹೋಗಿದ್ದರೆ ಜೊತೆಗಾರನ ಕೆಲಸವೋ ರೋಗವೋ ಎಂದು ಹೆದರಬೇಕು. ಆದರೂ ಮೊದಲು ಪಿಬಿಎಫ್‌ಡಿ (ಗಿಣಿಗಳ ಕೊಕ್ಕು, ಗರಿಗೆ ಬರುವ ವೈರಸ್ ರೋಗ) ಟೆಸ್ಟು ಮಾಡಿಸಿ, ನೆಗೆಟಿವ್ ಬಂದ ಮೇಲೂ ಒಂದು ತಿಂಗಳಿಗಿಂತ ಹೆಚ್ಚು ಕೆಳಗಿನ ರೂಮಿನಲ್ಲಿ ಬೇರೆಯಾಗಿಯೇ ಇಟ್ಟೆ. ಟೆಸ್ಟು, ಹೆಣ್ಣೋ ಗಂಡೋ ತಿಳಿಯುವ ಡಿಎನ್‌ಎ, ರಕ್ತದ ಕ್ಯಾಲ್ಸಿಯಂ ಎಲ್ಲ ಸೇರಿ ಆರೇಳು ಸಾವಿರ ಹೋಯಿತು. ಕ್ಯಾಲ್ಸಿಯಂ ಕೆಳಗಿತ್ತು. ಹಳೆಯ ಮನೆಯಲ್ಲಿ ಅವಳಿಗೆ ಸೂರ್ಯಕಾಂತಿ ಬೀಜ, ಟೀಯಲ್ಲಿ ಅದ್ದಿದ ಬಿಸ್ಕತ್ತು ಬಿಟ್ಟರೆ ಬೇರೆ ಊಟ ಇರಲಿಲ್ಲ. ಪಂಜರ ಹಾಲಿನ ಮೂಲೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ.

ಸಲಹೆಗಳಿಗೇನೂ ಬರವಿರಲಿಲ್ಲ. ಬೇವಿನ ನೀರು ಹೊಡಿ ಎಂದರು, ಹೊಡೆದೆ, ಏನೂ ಆಗಲಿಲ್ಲ. ಒಂಬೈನೂರು ರೂಪಾಯಿಯ ಕಹಿ ಸ್ಪ್ರೇ ತಂದೆ, ಎರಡು ವಾರದಲ್ಲಿ ಆ ಕಹಿಗೂ ಹೊಂದಿಕೊಂಡಳು. ಕುತ್ತಿಗೆಗೆ ಕಾಲರ್ ಹಾಕಿಸಿದಾಗ ಮೂಲೆಯಲ್ಲಿ ಕೂತು ಊಟ ಬಿಟ್ಟಳು. ಮೂರ್ನಾಲ್ಕು ದಿನದಲ್ಲಿ ಮೂವತ್ತು ಗ್ರಾಂ ಇಳಿಯಿತು, ತೆಗೆದು ಬಿಸಾಕಿದೆ. ಕಿತ್ತು ಗಾಯ ಮಾಡಿಕೊಳ್ಳುವ ಹಕ್ಕಿಗೆ ಕಾಲರ್ ಬೇಕಾಗುತ್ತದೆ, ಒಪ್ಪುತ್ತೇನೆ. ಬರೀ ಗರಿ ಕೀಳುವ ಹಕ್ಕಿಗೆ ಅದು ಶಿಕ್ಷೆ.

ಊಟ ಬದಲಿಸುವುದೇ ಎಲ್ಲಕ್ಕಿಂತ ಕಷ್ಟ. ಸೂರ್ಯಕಾಂತಿಯನ್ನು ಒಮ್ಮೆಲೇ ನಿಲ್ಲಿಸಿದರೆ ಗ್ರೇ ಉಪವಾಸ ಕೂತು ಸಾಯುತ್ತದೆಯೇ ಹೊರತು ಹೊಸದನ್ನು ಮುಟ್ಟುವುದಿಲ್ಲ. ನಾನು ಬೀಜವನ್ನೇ ಮೊಳಕೆ ಬರಿಸಿದೆ. ಮೊದಲು ಸೂರ್ಯಕಾಂತಿ ಮೊಳಕೆ, ಅದರೊಳಗೆ ಒಂದು ಚಿಟಿಕೆ ರಾಗಿ ಮೊಳಕೆ, ಆಮೇಲೆ ಹೆಸರುಕಾಳು. ಮೂರು ತಿಂಗಳಲ್ಲಿ ರಾಗಿ ಮುಕ್ಕಾಲು, ಸೂರ್ಯಕಾಂತಿ ಕಾಲು ಭಾಗಕ್ಕೆ ಬಂತು. ಬೆಂಗಳೂರಿನ ದೊಡ್ಡ ಬ್ರೀಡರ್ ಒಬ್ಬರು ರಾಗಿ ವಿಷಯ ಕೇಳಿ ನಕ್ಕರು: "ಗ್ರೇಗೆ ರಾಗಿನಾ? ಮುದ್ದೆ ಮಾಡಿ ಹಾಕಪ್ಪ." ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಸೂರ್ಯಕಾಂತಿಯಲ್ಲಿ ಅದರ ಕಾಲು ಭಾಗವೂ ಇಲ್ಲ, ರಂಜಕ ಮಾತ್ರ ಹೇರಳ. ಮೊಳಕೆ ಬಂದರೆ ರಾಗಿಯ ಕ್ಯಾಲ್ಸಿಯಂ ಮೈಗೆ ಹತ್ತುವುದೂ ಸುಲಭ. ಗ್ರೇಯಷ್ಟು ಬೇಗ ಕ್ಯಾಲ್ಸಿಯಂ ಕುಸಿದು ಫಿಟ್ಸ್ ಬರುವ ಗಿಣಿ ಇನ್ನೊಂದಿಲ್ಲ ಎನ್ನುವುದು ಈ ಸಾಕಾಣಿಕೆಯಲ್ಲಿರುವ ನಿಮಗೆಲ್ಲ ಗೊತ್ತಿರುವುದೇ.

ಸೊಪ್ಪಿನಲ್ಲಿ ನುಗ್ಗೆ. ಪಾಲಕ್ ಹಾಕುವವರಿದ್ದಾರೆ, ಅದರ ಆಕ್ಸಲೇಟ್ ಇರುವ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುತ್ತದೆ, ನಾನು ಹಾಕುವುದಿಲ್ಲ. ವಿಟಮಿನ್ ಎ ಲೆಕ್ಕಕ್ಕೆ ಸಿಹಿಗುಂಬಳ, ಕ್ಯಾರೆಟ್, ಕೆಂಪು ಮೆಣಸಿನಕಾಯಿ. ಖಾರ ಇವುಗಳಿಗೆ ತಾಕುವುದಿಲ್ಲ, ಬ್ಯಾಡಗಿ ಮೆಣಸಿನಕಾಯಿಯನ್ನು ರಾಜ ಚಪ್ಪರಿಸಿ ತಿನ್ನುತ್ತಾನೆ. ಸಿಪ್ಪೆಯಿರುವ ಕಡಲೆಕಾಯಿಯನ್ನು ಶೆಡ್ಡಿನೊಳಗೇ ಬಿಡುವುದಿಲ್ಲ, ಅದರ ಬೂಷ್ಟಿನಿಂದ ಶ್ವಾಸಕೋಶ ಹೋದ ಹಕ್ಕಿಗಳನ್ನು ನೋಡಿದ್ದೇನೆ. ಬೆಣ್ಣೆಹಣ್ಣು ಅಂತೂ ವಿಷ. ರಾಗಿ ಮೊಳಕೆ ಬೇಸಿಗೆಯಲ್ಲಿ ಅರ್ಧ ದಿನಕ್ಕೇ ವಾಸನೆ ಹಿಡಿಯುತ್ತದೆ, ಎರಡು ಬ್ಯಾಚ್ ಚೆಲ್ಲಿದ ಮೇಲೆ ವಿನೆಗರ್ ನೀರಿನಲ್ಲಿ ತೊಳೆದು ಫ್ರಿಜ್ಜಿಗೆ ಇಡುವ ರೂಢಿ ಮಾಡಿಕೊಂಡೆ.

ಊಟದಷ್ಟೇ ಕೆಲಸ ಮಾಡಿದ್ದು ಬಿಸಿಲು. ಗಾಜಿನ ಕಿಟಕಿಯೊಳಗಿನ ಬಿಸಿಲು ಲೆಕ್ಕಕ್ಕಿಲ್ಲ, ಕ್ಯಾಲ್ಸಿಯಂ ಮೈಗೆ ಹತ್ತಲು ಬೇಕಾದ ವಿಟಮಿನ್ ಡಿ3 ಹುಟ್ಟಿಸುವ ಕಿರಣವನ್ನು ಗಾಜು ತಡೆಯುತ್ತದೆ. ಸೂರ್ಯ ಹುಟ್ಟುವ ಹೊತ್ತಿನ ಎಳೆಬಿಸಿಲಿನಲ್ಲೂ ಆ ಕಿರಣ ತೀರಾ ಕಡಿಮೆ. ಶೆಡ್ಡಿನ ಪೂರ್ವದ ಕಡೆ ಶೀಟು ತೆಗೆಸಿ ಜಾಲರಿ ಹಾಕಿಸಿದೆ, ಒಂಬತ್ತರಿಂದ ಹತ್ತೂವರೆವರೆಗೆ ಪಂಜರದ ಅರ್ಧಕ್ಕೆ ಬಿಸಿಲು, ಅರ್ಧಕ್ಕೆ ನೆರಳು. ಇದಕ್ಕೇ ಇಪ್ಪತ್ತೈದು, ಮೂವತ್ತು ಸಾವಿರ ಖರ್ಚು. ನನ್ನ ಮನೆಯವಳು "ನಮ್ಮ ರೂಮಿಗೆ ಇನ್ನೂ ಕಿಟಕಿ ಬಾಗಿಲು ಸರಿಯಿಲ್ಲ" ಎಂದಳು. ಅವಳ ಮಾತೂ ನ್ಯಾಯವೇ. ಶೆಡ್ಡಿನ ಕೆಲಸ ಮುಗಿದ ಮೇಲೆ ಅದನ್ನೂ ಮಾಡಿಸಿದೆ.

ಇನ್ನು ನೀರು. ಬಾಟಲಿಯಿಂದ ಸಣ್ಣಗೆ ಸ್ಪ್ರೇ ಹೊಡೆದರೆ ರಾಜನ ಬೆನ್ನ ಮೇಲೆ ಹನಿಗಳು ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಗುಂಡಗೆ ನಿಂತು ಜಾರುತ್ತವೆ. ಗ್ರೇಯ ಮೈಯಿಂದ ಉದುರುವ ಆ ಬಿಳಿ ಪುಡಿಯೇ ಅದಕ್ಕೆ ಕಾರಣ. ಚಿನ್ನಿಯ ಬೆನ್ನಿನಲ್ಲಿ ನೀರು ನಿಲ್ಲುತ್ತಲೇ ಇರಲಿಲ್ಲ, ಹೀರಿಕೊಂಡು ಗರಿಗಳು ಒಂದಕ್ಕೊಂದು ಅಂಟಿ, ಮೈ ನಡುಗುತ್ತಿತ್ತು. ವಾರಕ್ಕೆ ನಾಲ್ಕು ಸಲ, ಬಿಸಿಲಿನ ಹೊತ್ತಿಗೇ ಸ್ನಾನ. ಏಳೆಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳ ಹೆಗಲ ಮೇಲೂ ಹನಿ ಗುಂಡಗೆ ನಿಂತಿತು. ಎದೆ ಇನ್ನೂ ಬೋಳೇ ಇತ್ತು, ಆದರೆ ನನಗೆ ಧೈರ್ಯ ಬಂದದ್ದು ಆವತ್ತೇ. ಮುಂದಿನ ಎರಡು ತಿಂಗಳಲ್ಲಿ ಎದೆಯಲ್ಲಿ ಗರಿಮೊಳಕೆ ಎದ್ದವು, ಬಿಳಿ ಮೇಣದಂಥ ಕವಚದೊಳಗೆ, ಬುಡದಲ್ಲಿ ನೀಲಿ ರಕ್ತ ಕಾಣುವಂಥವು. ಈ ಹಂತದಲ್ಲಿ ಮುಟ್ಟಿದರೆ ನೋವಾಗುತ್ತದೆ, ನೋವಾದರೆ ಮತ್ತೆ ಕೀಳುತ್ತದೆ. ಮೈ ಸವರುವುದನ್ನು ಪೂರ್ತಿ ನಿಲ್ಲಿಸಿದೆ.

ಕೊಕ್ಕಿಗೆ ಕೆಲಸ ಕೊಡುವುದರಲ್ಲಿ ನನ್ನದೇ ಒಂದು ವಿಧಾನವಿದೆ. ತೆಂಗಿನ ಮಟ್ಟೆ, ಹೊಂಬಾಳೆ, ಜೋಳದ ದಂಟು, ನೀಲಗಿರಿ ಕೊಂಬೆ ಇವೆಲ್ಲ ನಿಮಗೂ ಗೊತ್ತು. ಅವುಗಳನ್ನು ಯಾವ ಹೊತ್ತಿಗೆ, ಯಾವ ಕ್ರಮದಲ್ಲಿ ಕೊಟ್ಟರೆ ಕೊಕ್ಕು ಎದೆಗೆ ಹೋಗುವುದಿಲ್ಲ ಎನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕೀಳುವ ಹೊತ್ತನ್ನು ನೀವೇ ಒಂದು ವಾರ ಕೂತು ಬರೆದುಕೊಳ್ಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ರಾಜನ ಪಕ್ಕದ ಪಂಜರದಲ್ಲಿ ಮೂರು ತಿಂಗಳಿಟ್ಟು, ಆಮೇಲೆ ಜೊತೆಗೆ ಬಿಟ್ಟೆ. ರಾಜ ಊಟ ಕಕ್ಕಿ ತಿನ್ನಿಸತೊಡಗಿದ ಮೇಲೆ ಎಲ್ ಆಕಾರದ ಮರದ ಪೆಟ್ಟಿಗೆ ಹಾಕಿದೆ. ಮೊದಲ ಸಲ ಮೂರು ಮೊಟ್ಟೆ, ಎಲ್ಲವೂ ಖಾಲಿ. ಟಾರ್ಚ್ ಹಿಡಿದರೆ ಒಂದರಲ್ಲೂ ರಕ್ತನಾಳ ಇಲ್ಲ. "ಹೇಳಿರಲಿಲ್ವಾ" ಎಂದು ಫೋನುಗಳು ಬಂದವು. ಎರಡನೇ ಸಲ ಇನ್ನೂ ಕೆಟ್ಟದಾಯಿತು. ಮೊದಲ ಮೊಟ್ಟೆಯ ಚಿಪ್ಪು ಮೆತ್ತಗೆ, ಎರಡನೆಯದು ಒಳಗೇ ಸಿಕ್ಕಿಕೊಂಡಿತು. ಬಾಲ ಕುಣಿಸುತ್ತಾ ಪಂಜರದ ತಳದಲ್ಲಿ ಕೂತಿದ್ದವಳನ್ನು ಟವೆಲ್‌ನಲ್ಲಿ ಸುತ್ತಿ, ಬಿಸಿನೀರಿನ ಬಾಟಲಿ ಪಕ್ಕಕ್ಕಿಟ್ಟು ರಾತ್ರೋರಾತ್ರಿ ಬೆಂಗಳೂರಿಗೆ ಓಡಿದೆ. ಕ್ಯಾಲ್ಸಿಯಂ ಇಂಜೆಕ್ಷನ್, ಶಾಖ, ತೇವ ಕೊಟ್ಟ ಮೇಲೆ ಬೆಳಗಿನ ಜಾವ ಮೊಟ್ಟೆ ಹೊರಬಂತು. ಆ ರಾತ್ರಿಯೊಂದಕ್ಕೇ ಟ್ಯಾಕ್ಸಿ ಸೇರಿ ಎಂಟು ಸಾವಿರ. ಪೆಟ್ಟಿಗೆ ತೆಗೆದು ಹತ್ತಿರ ಹತ್ತಿರ ಒಂದು ವರ್ಷ ವಿಶ್ರಾಂತಿ ಕೊಟ್ಟೆ. ತೂಕ 430ಕ್ಕೆ ಬರುವವರೆಗೆ, ರಕ್ತದ ಕ್ಯಾಲ್ಸಿಯಂ ಎರಡು ಸಲ ಸರಿ ತೋರಿಸುವವರೆಗೆ ಮತ್ತೆ ಪೆಟ್ಟಿಗೆ ಹಾಕಲಿಲ್ಲ. ಇಷ್ಟು ಕಾಯುವವರು ನಮ್ಮಲ್ಲಿ ಕಡಿಮೆ, ವರ್ಷಕ್ಕೆ ಮೂರು ಸಲ ಮೊಟ್ಟೆ ತೆಗೆದು ಹೆಣ್ಣನ್ನು ಮುಗಿಸುವುದೇ ಹೆಚ್ಚು.

ಮೂರನೇ ಸಲ ನಾಲ್ಕು ಮೊಟ್ಟೆಯಲ್ಲಿ ಮೂರು ಫಲವಾದವು. ತಿಂಗಳಿಗೆ ಒಂದೆರಡು ದಿನ ಕಡಿಮೆಯಾಗಿ ಮೊದಲನೆಯದು ಒಡೆಯಿತು. ಮಾರುಕಟ್ಟೆಯವರು ಎರಡು ವಾರಕ್ಕೇ ಮರಿ ತೆಗೆಯುತ್ತಾರೆ, ನಾನು ಐದು ವಾರ ಅಪ್ಪ ಅಮ್ಮನ ಹತ್ತಿರವೇ ಬಿಟ್ಟೆ. ಗ್ರೇ ಆಗಿ ಬೆಳೆಯುವುದನ್ನು ಮರಿಗೆ ಗ್ರೇಯೇ ಕಲಿಸಬೇಕು ಎನ್ನುವುದು ನನ್ನ ನಂಬಿಕೆ. ದೊಡ್ಡ ಮರಿಯ ಹೆಗಲಿನ ಗರಿಯನ್ನು ಚಿನ್ನಿ ಕಡಿಯತೊಡಗಿದ್ದರಿಂದ ಅದನ್ನು ಮಾತ್ರ ಒಂದು ವಾರ ಮೊದಲೇ ತೆಗೆದೆ. ತೆಗೆದ ಮರಿಗೆ ಕೈಯಾರೆ ತಿನ್ನಿಸುವ (ಹ್ಯಾಂಡ್ ಫೀಡಿಂಗ್) ಗಂಜಿ 39, 40 ಡಿಗ್ರಿ ದಾಟಬಾರದು, ಥರ್ಮಾಮೀಟರ್ ಇಲ್ಲದೆ ಬೆರಳಲ್ಲಿ ನೋಡಿ ಕೊಟ್ಟು ಮರಿಯ ಕ್ರಾಪ್ (ಕುತ್ತಿಗೆ ಬುಡದ ಊಟದ ಚೀಲ) ಸುಟ್ಟ ಕತೆಗಳು ಸಾಕಷ್ಟಿವೆ. ಬೆಳಿಗ್ಗೆ ತೂಕ ಇಳಿದಿದ್ದರೆ ಕಾರಣ ಸಿಗುವವರೆಗೆ ನಾನು ಬೇರೆ ಕೆಲಸಕ್ಕೆ ಹೋಗುವುದಿಲ್ಲ.

ಮಧ್ಯದಲ್ಲಿ ಮಾತು ಕಲಿಸುವ ಪ್ರಯೋಗವೂ ನಡೆಯಿತು. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ತಮ್ಮ ಅಲೆಕ್ಸ್ ಎಂಬ ಗ್ರೇಗೆ 1977ರಿಂದ ಕಲಿಸಿದ ಕ್ರಮ ಅದು: ಹಕ್ಕಿಯ ಎದುರು ಇಬ್ಬರು ಕೂತು ವಸ್ತು ತೋರಿಸಿ ಒಬ್ಬರು ಕೇಳುವುದು, ಇನ್ನೊಬ್ಬರು ಹೆಸರು ಹೇಳಿ ಅದನ್ನೇ ಬಹುಮಾನವಾಗಿ ಪಡೆಯುವುದು. 2007ರಲ್ಲಿ ಸಾಯುವ ಹೊತ್ತಿಗೆ ಅಲೆಕ್ಸ್‌ಗೆ ನೂರರಷ್ಟು ಪದ ಬರುತ್ತಿದ್ದವು. ನಾನು, ಮಗಳು ಸಂಜೆ ಹೊತ್ತು ಕೂತು ಬಾದಾಮಿ, ಬೀಗದ ಕೈ, ಚಮಚ ಹಿಡಿದು ಮಾಡಿದೆವು. ರಾಜ "ಬಾದಾಮಿ ಕೊಡಪ್ಪ" ಕಲಿತ, ಬಾದಾಮಿ ಬೇಕಾದಾಗ ಮಾತ್ರ ಹೇಳುತ್ತಾನೆ, ಚಮಚ ಕೊಟ್ಟರೆ ಬಿಸಾಡುತ್ತಾನೆ. ಚಿನ್ನಿ ಮಾತಾಡಲಿಲ್ಲ, ಆದರೆ ಆ ಅರ್ಧ ಗಂಟೆಯಲ್ಲಿ ಒಂದು ಸಲವೂ ಎದೆಗೆ ಕೊಕ್ಕು ಹಾಕುತ್ತಿರಲಿಲ್ಲ. ಮನೆಯಲ್ಲೇ ಪೆಲೆಟ್ (ಹಕ್ಕಿಯ ಗುಳಿಗೆ ಆಹಾರ) ಒತ್ತುವ ಪ್ರಯತ್ನವನ್ನೂ ಶ್ಯಾವಿಗೆ ಒರಳಿನಲ್ಲಿ ಮಾಡಿದೆ. ಒಣಗುವಷ್ಟರಲ್ಲಿ ಬೂಷ್ಟು ಹಿಡಿಯಿತು, ಕೈಬಿಟ್ಟೆ.

ಕಾಗದದ ವಿಷಯದಲ್ಲಿ ಉದಾಸೀನ ಬೇಡ. ಆಫ್ರಿಕಾದ ಕಾಡಿನಿಂದ ಹಿಡಿದು ಸಾಗಿಸಿಯೇ ಈ ಹಕ್ಕಿ ಅಪಾಯದ ಅಂಚಿಗೆ ಬಂದದ್ದು, ಘಾನಾದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಹೋಗಿದೆ. 2016ರಲ್ಲಿ ಜೋಹಾನ್ಸ್‌ಬರ್ಗ್ ಸಭೆಯಲ್ಲಿ ಇದನ್ನು ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಒಂದನೇ ಪಟ್ಟಿಗೆ ಸೇರಿಸಿದರು. ನಮ್ಮಲ್ಲಿ ಇಂಥ ವಿದೇಶಿ ಹಕ್ಕಿ ಇದ್ದವರ 2020ರ ಸ್ವಯಂ ಘೋಷಣೆ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ಆಯಿತು, ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂತು, 2024ರಲ್ಲಿ ನೋಂದಣಿ ನಿಯಮಗಳು ಬಂದವು. ಸೈಟಿಸ್ ಒಂದನೇ ಪಟ್ಟಿಯ ಹಕ್ಕಿಯನ್ನು ಮರಿ ಮಾಡಿಸಲು ಮುಖ್ಯ ವನ್ಯಜೀವಿ ಪರಿಪಾಲಕರ ಲೈಸೆನ್ಸ್ ಬೇಕು. ಚಿನ್ನಿಯನ್ನು ಕೊಂಡದ್ದೂ ಹಿಂದಿನವರ 2020ರ ಘೋಷಣೆ ಇತ್ತೆಂದೇ. ಅದು ಇಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ತರುತ್ತಿರಲಿಲ್ಲ.

ಒಟ್ಟು ಲೆಕ್ಕ ನೆನಪಿನಿಂದ ಹೇಳುವುದಾದರೆ ಎಪ್ಪತ್ತೈದು, ಎಂಬತ್ತು ಸಾವಿರ ಹೋಗಿದೆ. ಎರಡು ಮರಿಗಳನ್ನು ತಲಾ ನಲವತ್ತೈದು ಸಾವಿರದ ಆಸುಪಾಸಿಗೆ ಕೊಟ್ಟೆ, ಪೂರ್ತಿ ಊಟ ಕಲಿತ ಮೇಲೆ, ನಾಲ್ಕು ತಿಂಗಳು ದಾಟಿಸಿ. ಇನ್ನೂ ಸಿರಿಂಜಿನಲ್ಲಿ ತಿನ್ನಿಸಬೇಕಾದ ಮರಿಯನ್ನೇ ಕೊಡಿ, ಕಡಿಮೆ ಮಾಡಿಕೊಳ್ಳಿ ಎಂದು ಬಂದವರನ್ನು ವಾಪಸ್ ಕಳಿಸಿದೆ. ತೆಗೆದುಕೊಂಡವರು ಮೂರು ತಿಂಗಳು ಪ್ರತಿ ಭಾನುವಾರ ತೂಕದ ಫೋಟೋ ಕಳಿಸಬೇಕೆಂದು ಷರತ್ತು ಹಾಕಿದ್ದೆ, ಇಬ್ಬರೂ ಕಳಿಸಿದರು. ಚಿನ್ನಿಯ ಎದೆ ಈಗ ಮುಕ್ಕಾಲು ಮುಚ್ಚಿದೆ. ಎಡ ತೊಡೆಯಲ್ಲಿ ಒಂದು ರೂಪಾಯಿ ಅಗಲದ ಜಾಗದಲ್ಲಿ ಗರಿ ಬರುವುದೇ ಇಲ್ಲ, ಅಲ್ಲಿ ಬುಡವೇ ಸತ್ತಿರಬೇಕು.

ಮೂರನೇ ಮರಿಯನ್ನು ಕೊಡಲಿಲ್ಲ. ಡಿಎನ್‌ಎಯಲ್ಲಿ ಹೆಣ್ಣೆಂದು ಬಂದಿದೆ. ಅದಕ್ಕೆ ಬೇರೆ ರಕ್ತದ ಗಂಡು ಹುಡುಕುತ್ತಿದ್ದೇನೆ. ಪರಿವೇಶ್ ದಾಖಲೆ, ಪಿಬಿಎಫ್‌ಡಿ ರಿಪೋರ್ಟ್, ತೂಕ ಈ ಮೂರನ್ನು ಮೊದಲು ನೋಡುತ್ತೇನೆ, ಗರಿ ಆಮೇಲೆ.